ತ್ಯಾಜ್ಯನೀರಿನ ಶುದ್ಧೀಕರಣದಲ್ಲಿ ನೈಸರ್ಗಿಕ ಪಾಲಿಮರ್‌ಗಳು: ಕಾಫಿ ಸೀಮೆಯ ಸಣ್ಣ ಘಟಕಗಳಿಗೊಂದು ಲೆಕ್ಕಾಚಾರ

ಕೆಮ್ಮಣ್ಣುಗುಂಡಿ ಎಂಬ ಹೆಸರೇ ಅಲ್ಲಿಯ ನೆಲದ ಗುಣವನ್ನು ಹೇಳುತ್ತದೆ. ಬಾಬಾಬುಡನ್ ಗಿರಿಶ್ರೇಣಿಯ ಈ ಕೆಂಪು ಮಣ್ಣು ಕಬ್ಬಿಣದ ಆಕ್ಸೈಡಿನಿಂದ ಬಣ್ಣ ಪಡೆದುದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದುದು ಇದೇ ಬೆಟ್ಟದಿಂದ. ಇಂದು ಪ್ರವಾಸಿಗರು ಈ ಸ್ಥಳವನ್ನು ಕೃಷ್ಣರಾಜೇಂದ್ರ ಗಿರಿಧಾಮವೆಂದು ಬಲ್ಲರು. ವಾಣಿಜ್ಯದ ದೃಷ್ಟಿಯಿಂದ ಸುತ್ತಲಿನ ಇಳಿಜಾರುಗಳು ಕಾಫಿಯ ಸೀಮೆ. ಕೆಳಗಿನ ತರೀಕೆರೆ, ಕಡೂರು, ಅಜ್ಜಂಪುರಗಳ ಬಯಲು ಅಡಿಕೆ ಮತ್ತು ತೆಂಗಿನ ಸೀಮೆ.

ಮೇಲಿನ ತೋಟ ಹೊರಬಿಟ್ಟ ನೀರನ್ನೇ ಕೆಳಗಿನ ತೋಟ ಬಳಸುತ್ತದೆ. ಗಿರಿಶ್ರೇಣಿಯ ಪಶ್ಚಿಮದ ಹಳ್ಳಗಳು ಭದ್ರೆಯನ್ನು ಸೇರುತ್ತವೆ. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕೂಡಿ ವೇದಾವತಿಯಾಗಿ ಕಡೂರಿನತ್ತ ಹರಿಯುತ್ತವೆ. ಕಾಫಿ ಹಣ್ಣಿನ ಪಲ್ಪಿಂಗ್ ನಡೆಯುವುದು ಮಳೆಗಾಲ ಮುಗಿದು ಹಳ್ಳಗಳು ಸೊರಗತೊಡಗುವ ತಿಂಗಳುಗಳಲ್ಲಿ. ಆದುದರಿಂದ ತ್ಯಾಜ್ಯನೀರಿನ ಪ್ರಶ್ನೆ ಇಲ್ಲಿ ಕಾನೂನಿನ ಪ್ರಶ್ನೆಯಷ್ಟೇ ಅಲ್ಲ, ನೆರೆಯವರ ಬಾವಿಯ ಮತ್ತು ಬೆಳೆಯ ಪ್ರಶ್ನೆಯೂ ಹೌದು.

ಇತ್ತೀಚಿನ ವರ್ಷಗಳಲ್ಲಿ ‘ಸಸ್ಯಜನ್ಯ’, ‘ನೈಸರ್ಗಿಕ’ ಎಂಬ ಹೆಸರಿನ ಶುದ್ಧೀಕರಣ ಪುಡಿಗಳೂ ದ್ರಾವಣಗಳೂ ಮಾರುಕಟ್ಟೆಗೆ ಬಂದಿವೆ. ಇವುಗಳಲ್ಲಿ ಹುರುಳಿದೆಯೇ? ಇದ್ದರೆ ಎಷ್ಟು? ಸಣ್ಣ ಉದ್ದಿಮೆದಾರನು ಹಣ ತೊಡಗಿಸುವ ಮುನ್ನ ಏನನ್ನು ಲೆಕ್ಕ ಹಾಕಬೇಕು? ಈ ಅಂಶಗಳನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

ಕದಡಿದ ನೀರು ತಾನಾಗಿ ಏಕೆ ತಿಳಿಯಾಗುವುದಿಲ್ಲ?

ಮಳೆಗಾಲದಲ್ಲಿ ಬೆಟ್ಟದಿಂದ ಇಳಿಯುವ ಕೆಂಪು ನೀರನ್ನು ಪಾತ್ರೆಯಲ್ಲಿ ಹಿಡಿದಿಟ್ಟರೆ ಮರಳು ಕೂಡಲೇ ತಳ ಸೇರುತ್ತದೆ. ಬಣ್ಣ ಮಾತ್ರ ದಿನಗಟ್ಟಲೆ ಉಳಿಯುತ್ತದೆ. ಅತಿ ಸೂಕ್ಷ್ಮವಾದ ಕಣಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಾವೇಶ ಇರುವುದೇ ಇದಕ್ಕೆ ಕಾರಣ. ಒಂದೇ ಬಗೆಯ ಆವೇಶವುಳ್ಳ ಕಣಗಳು ಪರಸ್ಪರ ದೂರ ತಳ್ಳುತ್ತವೆ. ಒಂದುಗೂಡಿ ಭಾರವಾಗುವ ಅವಕಾಶವೇ ಅವಕ್ಕಿಲ್ಲ. ಇಂತಹ ಮಿಶ್ರಣವನ್ನು ಕಲಿಲವೆಂದು ಕರೆಯುತ್ತಾರೆ.

ಕಲಿಲವನ್ನು ಒಡೆಯಲು ಎರಡು ಮಾರ್ಗಗಳಿವೆ. ಮೊದಲನೆಯದು, ಧನ ಆವೇಶವುಳ್ಳ ವಸ್ತುವನ್ನು ಬೆರೆಸಿ ಕಣಗಳ ಋಣ ಆವೇಶವನ್ನು ತಗ್ಗಿಸುವುದು. ಪಟಿಕ ಅಥವಾ ಆಲಮ್ ಮಾಡುವ ಕೆಲಸ ಇದು. ಎರಡನೆಯದು, ಉದ್ದನೆಯ ಸರಪಣಿಯಂತಹ ಅಣುಗಳನ್ನು ಬೆರೆಸಿ ಅನೇಕ ಕಣಗಳನ್ನು ಒಟ್ಟಿಗೆ ಹೊಸೆಯುವುದು. ಈ ಸರಪಣಿ ಅಣುಗಳೇ ಪಾಲಿಮರ್‌ಗಳು. ಕಾರ್ಖಾನೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಪಾಲಿಅಕ್ರಿಲಮೈಡ್ ಕೃತಕ ಪಾಲಿಮರ್. ಅದರಲ್ಲಿ ಉಳಿದಿರಬಹುದಾದ ಅಕ್ರಿಲಮೈಡ್ ಎಂಬ ಮೂಲವಸ್ತು ನರಮಂಡಲಕ್ಕೆ ಹಾನಿಕರವಾದುದರಿಂದ ನೈಸರ್ಗಿಕ ಪಾಲಿಮರ್‌ಗಳತ್ತ ಆಸಕ್ತಿ ಬೆಳೆದಿದೆ.

ನಾಡಿನಲ್ಲೇ ದೊರೆಯುವ ವಸ್ತುಗಳು

ಚಿಲ್ಲದ ಬೀಜ: ಮಣ್ಣಿನ ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇಯ್ದು ಕೆಸರುನೀರನ್ನು ತಿಳಿಗೊಳಿಸುವ ಪದ್ಧತಿ ಹಳೆಯದು. ಸಂಸ್ಕೃತದಲ್ಲಿ ಇದರ ಹೆಸರು ಕತಕ. ನೀರನ್ನು ತಿಳಿಗೊಳಿಸುವ ವಸ್ತುಗಳ ಪೈಕಿ ಸುಶ್ರುತಸಂಹಿತೆ ಇದನ್ನೂ ಎಣಿಸಿದೆ. ಬೀಜದಲ್ಲಿರುವ ಬಹುಶರ್ಕರಗಳು, ಅಂದರೆ ಸಕ್ಕರೆಯ ಘಟಕಗಳಿಂದಾದ ಉದ್ದ ಸರಪಣಿಗಳು, ಈ ಕೆಲಸ ಮಾಡುತ್ತವೆ. ಚಿಲ್ಲವು ವಿಷಯುಕ್ತವಾದ ಕಾಸರಕದ ಕುಲಕ್ಕೇ ಸೇರಿದ ಮರವಾದುದರಿಂದ ಬೀಜ ಕೊಳ್ಳುವಾಗ ಗುರುತು ತಪ್ಪಬಾರದು.

ನುಗ್ಗೆಬೀಜ: ಇದರಲ್ಲಿ ನೀರಿನಲ್ಲಿ ಕರಗುವ, ಧನ ಆವೇಶವುಳ್ಳ ಪ್ರೋಟೀನುಗಳಿವೆ. ಸುಡಾನಿನ ಗ್ರಾಮೀಣ ಮಹಿಳೆಯರು ನೈಲ್ ನದಿಯ ಕೆಸರುನೀರಿಗೆ ಇದನ್ನು ಬಳಸುತ್ತಿದ್ದುದು ವಿಜ್ಞಾನಿಗಳ ಗಮನ ಸೆಳೆದು ವಿಸ್ತಾರವಾದ ಅಧ್ಯಯನಗಳು ನಡೆದಿವೆ. ಸಾಮಾನ್ಯ ಕೆಸರುನೀರಿಗೆ ಲೀಟರಿಗೆ 50ರಿಂದ 150 ಮಿಲಿಗ್ರಾಂ ಪುಡಿ ಸಾಕಾಗುವುದುಂಟು. ಎಣ್ಣೆ ತೆಗೆದ ಬಳಿಕ ಉಳಿಯುವ ಹಿಂಡಿಯಲ್ಲೂ ಈ ಗುಣ ಇರುತ್ತದೆಂಬುದು ವ್ಯಾಪಾರದ ದೃಷ್ಟಿಯಿಂದ ಮುಖ್ಯ: ಎಣ್ಣೆಗೆ ಒಂದು ಬೆಲೆ, ಹಿಂಡಿಗೆ ಇನ್ನೊಂದು ಬೆಲೆ.

ಕೈಟೊಸಾನ್: ಸಿಗಡಿ ಮತ್ತು ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ಪಾಲಿಮರನ್ನು ಕ್ಷಾರದಲ್ಲಿ ಸಂಸ್ಕರಿಸಿದಾಗ ಕೈಟೊಸಾನ್ ದೊರೆಯುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸಿಗಡಿ ಚಿಪ್ಪಿನಿಂದ ಇದನ್ನು ತಯಾರಿಸುವ ವಿಧಾನವನ್ನು ರೂಪಿಸಿದೆ. ಇದು ನೀರಿನಲ್ಲಿ ನೇರವಾಗಿ ಕರಗುವುದಿಲ್ಲ. ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಕರಗುತ್ತದೆ. ಆಮ್ಲೀಯ ನೀರಿನಲ್ಲಿ ಇದರ ಧನ ಆವೇಶ ಪ್ರಬಲವಾಗಿರುತ್ತದೆ.

ಹುಣಸೆಬೀಜದ ಪುಡಿ ಮತ್ತು ಪಿಷ್ಟ: ಇವುಗಳ ಆವೇಶ ನಗಣ್ಯ, ಆದರೆ ಸರಪಣಿ ಉದ್ದ. ಆದ್ದರಿಂದ ಪಟಿಕದ ಬದಲಿಗೆ ಬಳಸುವುದಕ್ಕಿಂತ ಪಟಿಕದ ಜೊತೆಗೆ, ಗರಣೆಗಳನ್ನು ದಪ್ಪಗೊಳಿಸುವ ಸಹಾಯಕವಾಗಿ ಬಳಸುವುದು ಸೂಕ್ತ. ಪಿಷ್ಟಕ್ಕೂ ಕಬ್ಬಿಣದ ಆಕ್ಸೈಡಿಗೂ ವಿಶೇಷ ನಂಟಿದೆ. ಅಮೆರಿಕದ ಮಿಷಿಗನ್ ರಾಜ್ಯದ ಟಿಲ್ಡನ್ ಗಣಿಯಲ್ಲಿ ಅತಿ ಸೂಕ್ಷ್ಮವಾದ ಕಬ್ಬಿಣದ ಅದಿರನ್ನು ಮರಳಿನ ಅಂಶದಿಂದ ಬೇರ್ಪಡಿಸಲು ಪಿಷ್ಟವನ್ನೇ ದೊಡ್ಡ ಪ್ರಮಾಣದಲ್ಲಿ ಬಳಸಲಾಗಿದೆ.

ತೆಂಗಿನ ನಾರಿನ ಪುಡಿ ಮತ್ತು ಅಡಿಕೆ ಸಿಪ್ಪೆ: ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಪಾಲಿಮರ್‌ಗಳಿಂದಾದ ಇವು ನೀರಿನಲ್ಲಿ ಕರಗದೆ, ಬಣ್ಣವನ್ನೂ ಕೆಲವು ಲೋಹಗಳನ್ನೂ ತಮ್ಮ ಮೇಲ್ಮೈಯಲ್ಲಿ ಹಿಡಿದಿಡುತ್ತವೆ. ಮೇಲಿನ ಮೂರು ತಾಲ್ಲೂಕುಗಳಲ್ಲಿ ಇವು ಕೈಗೆಟಕುವ ಕಚ್ಚಾವಸ್ತುಗಳು. ಹಸಿಯಾಗಿ ಬಳಸಿದರೆ ಇವುಗಳೇ ಟ್ಯಾನಿನ್ ಬಿಟ್ಟು ನೀರಿಗೆ ಕಂದು ಬಣ್ಣ ಕೊಡುವುದರಿಂದ ಮೊದಲು ಚೆನ್ನಾಗಿ ತೊಳೆಯುವುದು ಅನಿವಾರ್ಯ.

ಪಲ್ಪಿಂಗ್ ನೀರಿನ ಸ್ವರೂಪ

ಪಾರ್ಚ್‌ಮೆಂಟ್ ಕಾಫಿ ತಯಾರಿಸುವಾಗ ಹಣ್ಣಿನ ಸಿಪ್ಪೆ ತೆಗೆದು, ಬೀಜದ ಮೇಲಿನ ಲೋಳೆಯನ್ನು ಹುಳಿಯಿಸಿ ಅಥವಾ ಯಂತ್ರದಿಂದ ಉಜ್ಜಿ ತೊಳೆಯಲಾಗುತ್ತದೆ. ಹೊರಬರುವ ನೀರಿನಲ್ಲಿ ಸಕ್ಕರೆ, ಪೆಕ್ಟಿನ್, ಸಾವಯವ ಆಮ್ಲಗಳು ಮತ್ತು ಸಿಪ್ಪೆಯ ಚೂರುಗಳಿರುತ್ತವೆ. ಹುಳಿತ ನೀರಿನ ಪಿಎಚ್ ಸುಮಾರು 4ಕ್ಕೆ ಇಳಿಯುತ್ತದೆ. ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವು ಕರಗುವಾಗ ಬೇಡುವ ಆಮ್ಲಜನಕ, ಲೀಟರಿಗೆ ಹಲವು ಸಾವಿರ ಮಿಲಿಗ್ರಾಂ ಇರುವುದು ಸಾಮಾನ್ಯ.

ಈ ಸಂಖ್ಯೆಯ ಅರ್ಥವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ತೋಟ ದಿನಕ್ಕೆ 10,000 ಲೀಟರ್ ನೀರು ಹೊರಬಿಡುತ್ತದೆ ಮತ್ತು ಅದರ ಬಿಒಡಿ ಲೀಟರಿಗೆ 5,000 ಮಿಲಿಗ್ರಾಂ ಎಂದು ಇಟ್ಟುಕೊಂಡರೆ, ದಿನದ ಹೊರೆ 50 ಕಿಲೋಗ್ರಾಂ. ಒಬ್ಬ ವ್ಯಕ್ತಿಯಿಂದ ದಿನಕ್ಕೆ ಬರುವ ಹೊರೆ ಸುಮಾರು 50 ಗ್ರಾಂ. ಅಂದರೆ ಈ ಒಂದು ಪಲ್ಪರ್ ಮನೆಯ ನೀರು ಹಳ್ಳಕ್ಕೆ ಹರಿದರೆ, ಸಾವಿರ ಜನರಿರುವ ಊರಿನ ಚರಂಡಿಯನ್ನು ಅದಕ್ಕೆ ತಿರುಗಿಸಿದಷ್ಟೇ ಆಯಿತು. ನೀರಿನಲ್ಲಿ ಕರಗಿರುವ ಆಮ್ಲಜನಕ ತೀರಿದಾಗ ಮೀನು ಸಾಯುತ್ತದೆ, ನೀರು ಕಪ್ಪಾಗಿ ನಾರುತ್ತದೆ.

ಪಾಲಿಮರ್ ಏನು ಮಾಡಬಲ್ಲದು, ಏನು ಮಾಡಲಾರದು

ವಿಷಯದ ತಿರುಳು ಇರುವುದು ಇಲ್ಲಿಯೇ. ನೈಸರ್ಗಿಕವಾಗಲಿ ಕೃತಕವಾಗಲಿ, ಗರಣೆಗಟ್ಟಿಸುವ ಪಾಲಿಮರ್ ತೇಲುವ ಚೂರುಗಳನ್ನೂ ಕಲಿಲವನ್ನೂ ಬಣ್ಣದ ಒಂದು ಭಾಗವನ್ನೂ ಹಿಡಿಯುತ್ತದೆ. ನೀರಿನಲ್ಲಿ ಕರಗಿರುವ ಸಕ್ಕರೆಯನ್ನೂ ಆಮ್ಲವನ್ನೂ ಅದು ಹಿಡಿಯಲಾರದು. ಪಲ್ಪಿಂಗ್ ನೀರಿನ ಬಿಒಡಿಯ ಬಹುಪಾಲು ಕರಗಿದ ರೂಪದಲ್ಲೇ ಇರುವುದರಿಂದ, ಕಣ್ಣಿಗೆ ತಿಳಿಯಾಗಿ ಕಂಡ ನೀರು ಹಳ್ಳಕ್ಕೆ ಬಿಡಲು ಯೋಗ್ಯವೆಂದು ಭಾವಿಸುವುದು ದೊಡ್ಡ ತಪ್ಪು. ಕರಗಿದ ಹೊರೆಯನ್ನು ತೆಗೆಯುವುದು ಸೂಕ್ಷ್ಮಜೀವಿಗಳ ಕೆಲಸ. ಸುಣ್ಣದಿಂದ ಆಮ್ಲೀಯತೆ ತಗ್ಗಿಸಿ, ಗಾಳಿಯಿಲ್ಲದ ಕೊಳದಲ್ಲೂ ಬಳಿಕ ಗಾಳಿಯಾಡುವ ಕೊಳದಲ್ಲೂ ಕಳಿಯಿಸುವ ರೂಢಿಯ ಕ್ರಮಕ್ಕೆ ಬದಲಿ ಇಲ್ಲ. ಪಾಲಿಮರ್ ಆ ಕ್ರಮದ ಮುಂಚಿನ ಹೆಜ್ಜೆ. ಕೊಳಗಳಿಗೆ ಬೀಳುವ ಹೊರೆಯನ್ನೂ ಹೂಳನ್ನೂ ತಗ್ಗಿಸುವುದು ಅದರ ಪಾತ್ರ.

ಇನ್ನೊಂದು ಸಂಗತಿಯೂ ಇದೆ. ಬೀಜದ ಪುಡಿಯೂ ಕೈಟೊಸಾನ್ ಕರಗಿಸುವ ಅಸಿಟಿಕ್ ಆಮ್ಲವೂ ಸಾವಯವ ವಸ್ತುಗಳಾದುದರಿಂದ ಅವೇ ನೀರಿನ ಬಿಒಡಿಗೆ ಸ್ವಲ್ಪ ಸೇರಿಸುತ್ತವೆ. ಸಾವಿರಗಳಲ್ಲಿ ಎಣಿಸುವ ಪಲ್ಪಿಂಗ್ ನೀರಿನಲ್ಲಿ ಇದು ಗಣನೆಗೆ ಬಾರದಿರಬಹುದು. ತೆಳುವಾದ ತ್ಯಾಜ್ಯನೀರಿನಲ್ಲಿ ಲೆಕ್ಕಕ್ಕೆ ಬರುತ್ತದೆ.

ಅನುಕೂಲಗಳೂ ನಿಜವೇ. ಪಟಿಕ ಚೆನ್ನಾಗಿ ಕೆಲಸ ಮಾಡುವುದು ತಟಸ್ಥಕ್ಕೆ ಸಮೀಪವಾದ ಪಿಎಚ್‌ನಲ್ಲಿ. ಆಮ್ಲೀಯ ಪಲ್ಪಿಂಗ್ ನೀರಿಗೆ ಮೊದಲು ಸುಣ್ಣ ಹಾಕದೆ ಅದು ಫಲಿಸದು. ಕೈಟೊಸಾನ್ ಆಮ್ಲೀಯ ನೀರಿನಲ್ಲಿಯೇ ಫಲಿಸುತ್ತದೆ. ಆದರೆ ಋಣ ಆವೇಶವುಳ್ಳ ಪೆಕ್ಟಿನ್ ಅದನ್ನು ತಾನೇ ಹಿಡಿದುಕೊಳ್ಳುವುದರಿಂದ, ಲೋಳೆ ಹೆಚ್ಚಿದ್ದಷ್ಟೂ ಹೆಚ್ಚು ಕೈಟೊಸಾನ್ ಬೇಕಾಗುತ್ತದೆ.

ಹೊರಗಿನಿಂದ ಏನನ್ನಾದರೂ ಕೊಳ್ಳುವ ಮುನ್ನ ಗಮನಿಸಬೇಕಾದುದು, ಪಲ್ಪಿಂಗ್ ನೀರಿನಲ್ಲಿಯೇ ಒಂದು ನೈಸರ್ಗಿಕ ಪಾಲಿಮರ್ ಇದೆ ಎಂಬುದು. ಅದು ಪೆಕ್ಟಿನ್. ನೀರು ಹುಳಿತಾಗ ಪೆಕ್ಟಿನ್ನಿನ ಒಂದು ಭಾಗ ಗರಣೆಗಟ್ಟಿ ಮೇಲೆ ಕೆನೆಯಂತೆ ತೇಲುತ್ತದೆ. ಸುಣ್ಣದ ಕ್ಯಾಲ್ಸಿಯಂ ಸೇರಿದಾಗಲೂ ಲೋಳೆಯಂತೆ ಕಟ್ಟಿಕೊಳ್ಳುತ್ತದೆ. ಈ ಕೆನೆಯನ್ನು ಜಾಲರಿಯಿಂದ ತೆಗೆದು ಸಿಪ್ಪೆಯ ಗೊಬ್ಬರದ ಗುಂಡಿಗೆ ಸೇರಿಸುವುದಕ್ಕೆ ಕೂಲಿಯ ಹೊರತು ಬೇರೆ ಖರ್ಚಿಲ್ಲ.

ಜಾರ್ ಪರೀಕ್ಷೆ

ಎಷ್ಟು ಪ್ರಮಾಣ ಬೇಕೆಂಬುದನ್ನು ಮಾರಾಟಗಾರನ ಕರಪತ್ರ ಹೇಳಲಾರದು; ಆಯಾ ಘಟಕದ ನೀರೇ ಹೇಳಬೇಕು. ಅದಕ್ಕೆ ಜಾರ್ ಪರೀಕ್ಷೆ ಎಂಬ ಸರಳ ವಿಧಾನವಿದೆ.

1. ಆರು ಪಾರದರ್ಶಕ ಪಾತ್ರೆಗಳಲ್ಲಿ ತಲಾ ಒಂದು ಲೀಟರ್ ತ್ಯಾಜ್ಯನೀರು ತೆಗೆದುಕೊಳ್ಳಬೇಕು. ಒಂದಕ್ಕೆ ಏನನ್ನೂ ಹಾಕಬಾರದು. ಉಳಿದವಕ್ಕೆ ಏರುವ ಪ್ರಮಾಣದಲ್ಲಿ ಪಾಲಿಮರ್ ಹಾಕಬೇಕು.

2. ಒಂದು ನಿಮಿಷ ಜೋರಾಗಿ, ಬಳಿಕ 15ರಿಂದ 20 ನಿಮಿಷ ನಿಧಾನವಾಗಿ ಕಲಕಬೇಕು. ಬಳಿಕ ಅರ್ಧ ಗಂಟೆ ಅಲುಗಿಸದೆ ಬಿಡಬೇಕು.

3. ಮೇಲಿನ ನೀರು ಎಷ್ಟು ತಿಳಿಯಾಯಿತು, ತಳದಲ್ಲಿ ಎಷ್ಟು ಕೆಸರು ನಿಂತಿತು ಎಂಬ ಎರಡನ್ನೂ ಬರೆದಿಡಬೇಕು.

4. ಉತ್ತಮವೆನಿಸಿದ ಪಾತ್ರೆಯ ತಿಳಿನೀರನ್ನೂ ಮೂಲ ನೀರನ್ನೂ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ ಪಿಎಚ್, ಬಿಒಡಿ, ತೇಲುಕಣಗಳ ಪ್ರಮಾಣ ತಿಳಿಯಬೇಕು.

ಪ್ರಮಾಣ ಹೆಚ್ಚಿದಷ್ಟೂ ಫಲ ಹೆಚ್ಚುವುದಿಲ್ಲ. ಧನ ಆವೇಶದ ಪಾಲಿಮರ್ ಮಿತಿಮೀರಿದರೆ ಕಣಗಳೆಲ್ಲ ಧನ ಆವೇಶ ಪಡೆದು ಮತ್ತೆ ದೂರ ಸರಿಯುತ್ತವೆ, ನೀರು ಮತ್ತೆ ಕದಡುತ್ತದೆ. ಬೀಜಗಳ ಗುಣ ಒಂದು ಸರಕಿನಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಪ್ರತಿ ಹೊಸ ಸರಕಿಗೂ ಪರೀಕ್ಷೆ ಅಗತ್ಯ. ಬೀಜದ ದ್ರಾವಣ ಬೇಗ ಕೆಡುತ್ತದೆ, ಅಂದಂದಿಗೆ ತಯಾರಿಸಿಕೊಳ್ಳಬೇಕು.

ಖರ್ಚಿನ ಲೆಕ್ಕ

ಶುದ್ಧೀಕರಣ ವಸ್ತುವಿನ ಬೆಲೆಯನ್ನು ಕಿಲೋಗ್ರಾಮಿಗೆ ಹೋಲಿಸುವುದು ಸಾಮಾನ್ಯ ರೂಢಿ. ಇದು ಸರಿಯಲ್ಲ. ಹೋಲಿಸಬೇಕಾದುದು ಸಾವಿರ ಲೀಟರ್ ನೀರಿಗೆ ಬೀಳುವ ಒಟ್ಟು ಖರ್ಚನ್ನು. ಅದರಲ್ಲಿ ಕೆಸರಿನ ವಿಲೇವಾರಿಯೂ ಸೇರಬೇಕು. ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ಪರೀಕ್ಷೆಯ ಪ್ರಮಾಣವನ್ನೂ ತಮ್ಮ ಊರಿನ ದರವನ್ನೂ ಇವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು. ಸಂಸ್ಕರಣೆಯ ಅವಧಿ 60 ದಿನ, ದಿನಕ್ಕೆ 10,000 ಲೀಟರ್, ಒಟ್ಟು 6,00,000 ಲೀಟರ್ ಎಂದಿರಲಿ. ಕೆಸರು ತೆಗೆದು ಸಾಗಿಸಲು ಲೀಟರಿಗೆ 30 ಪೈಸೆ ಎಂದಿರಲಿ.

ಪಟಿಕ: ಸಾವಿರ ಲೀಟರಿಗೆ 500 ಗ್ರಾಂ, ಕಿಲೋಗೆ ರೂ. 25ರಂತೆ ರೂ. 12.50, ಸುಣ್ಣ ರೂ. 10, ಕೆಸರು 60 ಲೀಟರಿಗೆ ರೂ. 18. ಒಟ್ಟು ರೂ. 40.50. ಅವಧಿಗೆ ರೂ. 24,300.

ಕೈಟೊಸಾನ್: 60 ಗ್ರಾಂ, ಕಿಲೋಗೆ ರೂ. 800ರಂತೆ ರೂ. 48, ಅಸಿಟಿಕ್ ಆಮ್ಲ ರೂ. 6, ಸುಣ್ಣ ರೂ. 10, ಕೆಸರು 30 ಲೀಟರಿಗೆ ರೂ. 9. ಒಟ್ಟು ರೂ. 73. ಅವಧಿಗೆ ರೂ. 43,800.

ನುಗ್ಗೆಬೀಜದ ಹಿಂಡಿ: 600 ಗ್ರಾಂ, ಕಿಲೋಗೆ ರೂ. 30ರಂತೆ ರೂ. 18, ಸುಣ್ಣ ರೂ. 10, ಕೆಸರು 40 ಲೀಟರಿಗೆ ರೂ. 12. ಒಟ್ಟು ರೂ. 40. ಅವಧಿಗೆ ರೂ. 24,000.

ಈ ಲೆಕ್ಕದಲ್ಲಿ ಮೂರು ಅಂಶಗಳು ಗಮನಾರ್ಹ. ಮೊದಲನೆಯದು, ಸುಣ್ಣದ ಖರ್ಚು ಮೂರು ಕಡೆಯೂ ಇದೆ. ಕೈಟೊಸಾನ್ ಬಳಸಿದರೆ ಸುಣ್ಣ ಉಳಿಯಿತೆಂದು ಬರೆದುಕೊಳ್ಳುವುದು ತಪ್ಪು. ಮೊದಲು ಹಾಕದ ಸುಣ್ಣವನ್ನು ಸೂಕ್ಷ್ಮಜೀವಿಗಳ ಕೊಳಕ್ಕೆ ಬಿಡುವ ಮುನ್ನ ಹಾಕಲೇಬೇಕು. ಎರಡನೆಯದು, ಪಟಿಕವೂ ಕೈಟೊಸಾನೂ ಸಮನಾಗುವುದು ಕೆಸರಿನ ವಿಲೇವಾರಿ ದರ ಲೀಟರಿಗೆ ಸುಮಾರು ರೂ. 1.38 ಆದಾಗ. ಕೆಸರನ್ನು ದೂರ ಸಾಗಿಸಬೇಕಾದ ಘಟಕಕ್ಕೆ ದುಬಾರಿ ಪಾಲಿಮರ್ ಅಗ್ಗವಾಗಬಹುದು. ಪಕ್ಕದಲ್ಲೇ ಗೊಬ್ಬರದ ಗುಂಡಿ ಇರುವ ಘಟಕಕ್ಕೆ ಆಗದಿರಬಹುದು. ಮೂರನೆಯದು, ಪರೀಕ್ಷೆಯಲ್ಲಿ ಕೈಟೊಸಾನ್ 60ರ ಬದಲು 30 ಗ್ರಾಂ ಸಾಕೆಂದು ಕಂಡರೆ ಅದರ ಒಟ್ಟು ಖರ್ಚು ರೂ. 73ರಿಂದ ರೂ. 46ಕ್ಕೆ ಇಳಿಯುತ್ತದೆ. ಅರ್ಧ ದಿನದ ಪರೀಕ್ಷೆಯ ಮೌಲ್ಯ ಇಷ್ಟು.

ಕೆಸರಿನ ಗತಿ

ಪಟಿಕದ ಕೆಸರಿನಲ್ಲಿ ಅಲ್ಯೂಮಿನಿಯಂ ಇರುತ್ತದೆ. ಮಲೆನಾಡಿನ ಮಣ್ಣು ಮೊದಲೇ ಆಮ್ಲೀಯ. ಅಂತಹ ಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ಬೇರುಗಳಿಗೆ ಹಿತವಲ್ಲ. ಬೀಜದ ಪುಡಿಯಿಂದಲೋ ಕೈಟೊಸಾನ್‌ನಿಂದಲೋ ಕಟ್ಟಿದ ಕಾಫಿ ಕೆಸರು ಕೊಳೆತು ಗೊಬ್ಬರವಾಗಬಲ್ಲದು. ನೈಸರ್ಗಿಕ ಪಾಲಿಮರ್‌ಗಳ ನಿಜವಾದ ಲಾಭ ಬಹುತೇಕ ಇಲ್ಲಿಯೇ ಇದೆ.

ಆದರೆ ಈ ಮಾತು ಕಾಫಿ ನೀರಿನಂತಹ ಸಾವಯವ ತ್ಯಾಜ್ಯಕ್ಕೆ ಮಾತ್ರ ಅನ್ವಯ. ಲೋಹಲೇಪನ ಅಥವಾ ಬಣ್ಣಗಾರಿಕೆಯ ಘಟಕದಲ್ಲಿ ನಾರಿನ ಪುಡಿಯೋ ಕೈಟೊಸಾನೋ ಕ್ರೋಮಿಯಂ, ನಿಕ್ಕಲ್ ಮುಂತಾದವನ್ನು ಹಿಡಿದರೆ, ಆ ಲೋಹ ಮಾಯವಾಗಿಲ್ಲ. ನೀರಿನಿಂದ ಕೆಸರಿಗೆ ಸ್ಥಳಾಂತರಗೊಂಡಿದೆ. ಹಿಡಿದ ವಸ್ತು ನೈಸರ್ಗಿಕವೆಂಬ ಕಾರಣಕ್ಕೆ ಕೆಸರು ನಿರಪಾಯವಾಗುವುದಿಲ್ಲ. ಅದು 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೇ ಬರುತ್ತದೆ. ತೋಟದ ಗುಂಡಿಗೆ ಎಂದಿಗೂ ಹೋಗಬಾರದು.

ಕಾನೂನು ಮತ್ತು ತೆರಿಗೆ

1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೇ ಕಲಮು ಮಲಿನಕಾರಿ ವಸ್ತುವನ್ನು ಹಳ್ಳಕ್ಕಾಗಲಿ ಬಾವಿಗಾಗಲಿ ಬಿಡುವುದನ್ನು ನಿಷೇಧಿಸುತ್ತದೆ. ತ್ಯಾಜ್ಯನೀರು ಹೊರಬಿಡುವ ಘಟಕಕ್ಕೆ ಮಂಡಳಿಯ ಸಮ್ಮತಿ ಬೇಕೆನ್ನುತ್ತದೆ 25ನೇ ಕಲಮು. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ನೀರಾವರಿಗಾಗಿ ಭೂಮಿಗೆ ಬಿಡುವ ನೀರಿನದು 100 ಮಿಲಿಗ್ರಾಂ ಮೀರಬಾರದು. ಆಯಾ ಘಟಕಕ್ಕೆ ಅನ್ವಯಿಸುವ ಮಿತಿ ಸಮ್ಮತಿಪತ್ರದಲ್ಲಿ ನಮೂದಾಗಿರುತ್ತದೆ. ಹಲವು ಸಾವಿರದಿಂದ ಈ ಮಿತಿಗೆ ಇಳಿಯಬೇಕಾದ ದೂರವನ್ನು ಗಮನಿಸಿದರೆ, ಒಂದು ಚೀಲ ಪುಡಿಯಿಂದ ಇದು ಸಾಧ್ಯವೆಂಬ ಮಾತು ಎಷ್ಟು ಪೊಳ್ಳೆಂಬುದು ತಿಳಿಯುತ್ತದೆ.

ತೆರಿಗೆಯ ವಿಷಯದಲ್ಲಿ, ಜಲ ಮಾಲಿನ್ಯ ನಿಯಂತ್ರಣ ಸಲಕರಣೆಗಳಿಗೆ ಒಂದು ಕಾಲಕ್ಕೆ ಶೇ. 100 ಸವಕಳಿ ಇತ್ತು. 1961ರ ಕಾಯ್ದೆಯಡಿ 2017-18ರ ಆರ್ಥಿಕ ವರ್ಷದಿಂದ ಸವಕಳಿಯ ಗರಿಷ್ಠ ದರ ಶೇ. 40 ಆಯಿತು. ಆ ಕಾಯ್ದೆಯಲ್ಲಿ, ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದ ಸಲಕರಣೆಗೆ ಅರ್ಧ ದರ ಮಾತ್ರ. ನವೆಂಬರಿನಲ್ಲಿ ಕೊಂಡು ಆಗಲೇ ಚಾಲನೆಗೆ ತಂದ ಸಲಕರಣೆ ಮಾರ್ಚ್ 31ರೊಳಗೆ 180 ದಿನ ಪೂರೈಸದು. ಸುಗ್ಗಿಯ ಹೊಸ್ತಿಲಲ್ಲಿ ಖರೀದಿಸುವ ಅಭ್ಯಾಸವುಳ್ಳವರು ಇದನ್ನು ಮುಂಚಿತವಾಗಿ ಯೋಚಿಸಬೇಕಾಗುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಲಾಗಿರುವುದರಿಂದ ಖರೀದಿಯ ವರ್ಷಕ್ಕೆ ಅನ್ವಯಿಸುವ ದರವನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಪ್ರತಿವರ್ಷ ಬಳಸಿ ಮುಗಿಯುವ ಪುಡಿ, ಸುಣ್ಣ, ಆಮ್ಲಗಳು ಸವಕಳಿಯ ವ್ಯಾಪ್ತಿಗೆ ಬಾರದೆ ಚಾಲ್ತಿ ವೆಚ್ಚವಾಗುತ್ತವೆ. ಪುಸ್ತಕದಲ್ಲಿ ಇವೆರಡನ್ನೂ ಬೇರೆ ಬೇರೆ ಖಾತೆಗಳಲ್ಲಿ ಇಟ್ಟರೆ ಸಾವಿರ ಲೀಟರಿನ ವೆಚ್ಚವೂ ತಾನಾಗಿ ದೊರೆಯುತ್ತದೆ.

ಖರೀದಿಗೆ ಮುನ್ನ

ಕೈಟೊಸಾನ್ ಕೊಳ್ಳುವವರು ಡಿಅಸಿಟೈಲೇಷನ್ ಶೇಕಡಾವಾರು, ತೇವಾಂಶ, ಬೂದಿಯ ಅಂಶ ಇವುಗಳ ಪ್ರಮಾಣಪತ್ರ ಕೇಳಬೇಕು. ಬೀಜದ ಪುಡಿ ಕೊಳ್ಳುವವರು ಯಾವ ಬೀಜ, ಎಣ್ಣೆ ತೆಗೆದುದೋ ಅಲ್ಲವೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ತನ್ನ ವಸ್ತುವಿನ ಹೆಸರನ್ನೇ ಹೇಳದ, ಜಾರ್ ಪರೀಕ್ಷೆಗೆ ಮಾದರಿ ಕೊಡದ ಮಾರಾಟಗಾರನಿಂದ ದೂರವಿರುವುದು ಲೇಸು.

ಎಲ್ಲಕ್ಕಿಂತ ಮೊದಲ ಉಳಿತಾಯವೆಂದರೆ ನೀರಿನದು. ಪಲ್ಪಿಂಗ್ ನೀರನ್ನು ಸೋಸಿ ಅಂದೇ ಮರುಬಳಸುವುದರಿಂದಲೂ, ಕಡಿಮೆ ನೀರಿನ ಲೋಳೆ ತೆಗೆಯುವ ಯಂತ್ರಗಳಿಂದಲೂ ಹೊರಬರುವ ನೀರಿನ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ಇದರಿಂದ ಮಾಲಿನ್ಯದ ಒಟ್ಟು ತೂಕ ಇಳಿಯದಿದ್ದರೂ ಕೊಳ, ಪಂಪು, ವಿದ್ಯುತ್ತಿನ ಗಾತ್ರ ಇಳಿಯುತ್ತದೆ. ನೀರನ್ನು ಮಿತಗೊಳಿಸಿ, ಸಿಪ್ಪೆ ಮತ್ತು ಪೆಕ್ಟಿನ್ ಕೆನೆಯನ್ನು ಸೋಸಿ ತೆಗೆದು, ಆಮೇಲೆ ಪಾಲಿಮರ್, ಬಳಿಕ ಸುಣ್ಣ, ಕೊನೆಗೆ ಕೊಳಗಳು: ಈ ಅನುಕ್ರಮದಲ್ಲಿ ನೈಸರ್ಗಿಕ ಪಾಲಿಮರ್‌ಗೆ ತನ್ನದೇ ಆದ ಸ್ಥಾನವಿದೆ. ಆ ಸ್ಥಾನದಲ್ಲಿ ಇಟ್ಟರೆ ಅದು ಹಣಕ್ಕೆ ತಕ್ಕ ಕೆಲಸ ಮಾಡುತ್ತದೆ. ಉಳಿದ ಹೆಜ್ಜೆಗಳಿಗೆ ಬದಲಾಗಿ ಇಟ್ಟರೆ ತಿಳಿಯಾಗಿ ಕಾಣುವ ಕೊಳೆನೀರು ಕೆಳಗಿನ ತೋಟವನ್ನು ತಲಪುತ್ತದೆ.